ಡಾ. ಮುತ್ತುಲಕ್ಷ್ಮಿ ರೆಡ್ಡಿ: ಶಾಸನ ಪರಿಷತ್ತಿನಲ್ಲಿ ಒಬ್ಬ ವೈದ್ಯೆ

ನಮ್ಮ ಶಾಸನಸಭೆಗಳಲ್ಲಿ ಮಹಿಳೆಯರು ಸದಸ್ಯರಾಗಿರುವುದು, ಸಚಿವರಾಗಿ ಉತ್ತರ ಕೊಡುವುದು, ಸಭಾಧ್ಯಕ್ಷ ಪೀಠದಲ್ಲಿ ಕುಳಿತು ಕಲಾಪ ನಡೆಸುವುದು ಇಂದು ಯಾರಿಗೂ ವಿಶೇಷವೆನಿಸುವುದಿಲ್ಲ. ಆದರೆ 1926ರ ವರೆಗೆ ಬ್ರಿಟಿಷ್ ಭಾರತದ ಯಾವ ಪ್ರಾಂತದ ಶಾಸನಸಭೆಯಲ್ಲಿಯೂ ಒಬ್ಬ ಮಹಿಳೆಯೂ ಇರಲಿಲ್ಲ. ಇರುವುದಕ್ಕೆ ನಿಯಮಗಳೇ ಎಡೆಗೊಡುತ್ತಿರಲಿಲ್ಲ. ಆ ನಿಷೇಧ ತೊಲಗಿದ ಬಳಿಕ ಮದರಾಸು ಶಾಸನ ಪರಿಷತ್ತಿನಲ್ಲಿ ಸದಸ್ಯತ್ವ ಪಡೆದವರು ಡಾ. ಮುತ್ತುಲಕ್ಷ್ಮಿ ರೆಡ್ಡಿ. ದೇಶೀಯ ಸಂಸ್ಥಾನಗಳ ಮಾತು ಬೇರೆ. ತಿರುವಾಂಕೂರಿನಲ್ಲಿ ಮತ್ತೊಬ್ಬ ವೈದ್ಯೆ ಡಾ. ಮೇರಿ ಪುನ್ನನ್ ಲೂಕೋಸ್ ಅವರು ಕೆಲವು ವರ್ಷ ಮೊದಲೇ ಅಲ್ಲಿನ ಪರಿಷತ್ತಿಗೆ ನಾಮಕರಣಗೊಂಡಿದ್ದರು. ಬ್ರಿಟಿಷ್ ಭಾರತದ ಮಟ್ಟಿಗೆ ಮಾತ್ರ ಮೊದಲಿಗರು ಮುತ್ತುಲಕ್ಷ್ಮಿಯವರೇ.

ಮೊದಲಿಗರೆಂಬ ಕೀರ್ತಿಗಷ್ಟೇ ಅವರನ್ನು ಸ್ಮರಿಸಿದರೆ ಅವರ ಕೆಲಸಕ್ಕೆ ನ್ಯಾಯ ಒದಗಿಸಿದಂತಾಗುವುದಿಲ್ಲ. ಪರಿಷತ್ತಿನಲ್ಲಿ ಅವರಿದ್ದುದು ಮೂರು ವರ್ಷಕ್ಕೆ ಸ್ವಲ್ಪ ಹೆಚ್ಚು ಕಾಲ. ಅಷ್ಟರಲ್ಲಿ ಅವರು ಕೈಗೆತ್ತಿಕೊಂಡ ಒಂದು ಪ್ರಶ್ನೆ ಕಾನೂನಾಗಿ ಪೂರ್ಣಗೊಳ್ಳಲು 20 ವರ್ಷ ಬೇಕಾಯಿತು. ದಕ್ಷಿಣ ಕನ್ನಡ, ಬಳ್ಳಾರಿ, ಕೊಳ್ಳೇಗಾಲದ ಕನ್ನಡಿಗರೂ ಆಗ ಮದರಾಸು ಪ್ರಾಂತದ ಪ್ರಜೆಗಳೇ ಆಗಿದ್ದುದರಿಂದ ಆ ಕಾನೂನು ಅವರಿಗೂ ಅನ್ವಯಿಸಿತು. ಚೆನ್ನೈಯಲ್ಲಿ ನೆಲೆಸಿರುವ ಕನ್ನಡಿಗರಿಗಂತೂ ಅಡಯಾರಿನ ಅವ್ವೈ ಗೃಹ ಮತ್ತು ಕ್ಯಾನ್ಸರ್ ಆಸ್ಪತ್ರೆಗಳ ಮೂಲಕ ಅವರ ಹೆಸರು ಪರಿಚಿತವಾದುದೇ.

ಪುದುಕ್ಕೋಟೆಯ ಬಾಲ್ಯ

ಮುತ್ತುಲಕ್ಷ್ಮಿಯವರು 1886ರ ಜುಲೈ 30ರಂದು ಪುದುಕ್ಕೋಟೆ ಸಂಸ್ಥಾನದಲ್ಲಿ ಜನಿಸಿದರು. ತಂದೆ ನಾರಾಯಣಸ್ವಾಮಿ ಅಯ್ಯರ್ ಅವರು ಅಲ್ಲಿನ ಮಹಾರಾಜಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಿದ್ವಾಂಸರು. ತಾಯಿ ಚಂದ್ರಮ್ಮಾಳ್ ಅವರು ದೇವಾಲಯದ ಸಂಗೀತ-ನೃತ್ಯ ಸೇವೆಯ ಪರಂಪರೆಗೆ ಸೇರಿದ ಕುಟುಂಬದಿಂದ ಬಂದವರು. ಈ ಎರಡು ಕುಲಗಳ ನಡುವಿನ ಅಂತರ ಎಷ್ಟೆಂಬುದನ್ನು ಮಗಳು ಚಿಕ್ಕಂದಿನಿಂದಲೇ ಕಂಡುಂಡರು. ತಂದೆಯ ಬಂಧುವರ್ಗ ದೂರವೇ ಉಳಿಯಿತು. ಮಕ್ಕಳು ಬೆಳೆದದ್ದು ತಾಯಿಯ ಕಡೆಯವರ ಒಡನಾಟದಲ್ಲಿ. ಮುಂದೆ ದೇವದಾಸಿ ಪದ್ಧತಿಯ ವಿಷಯವಾಗಿ ಪರಿಷತ್ತಿನಲ್ಲಿ ಮಾತನಾಡಲು ನಿಂತಾಗ, ಆ ಮನೆಗಳ ಒಳಗಿನ ಬದುಕನ್ನು ಅವರು ಪುಸ್ತಕಗಳಿಂದ ತಿಳಿಯಬೇಕಾಗಿರಲಿಲ್ಲ.

ಹೆಣ್ಣುಮಕ್ಕಳು ಪ್ರೌಢರಾಗುವ ವೇಳೆಗೆ ಶಾಲೆ ಬಿಡುವುದು ಆಗಿನ ವಾಡಿಕೆ. ಮಗಳ ಬುದ್ಧಿಶಕ್ತಿಯನ್ನು ಕಂಡ ತಂದೆ ಮನೆಯಲ್ಲಿಯೇ ಪಾಠ ಮುಂದುವರಿಸಿದರು. 1902ರಲ್ಲಿ ಮುತ್ತುಲಕ್ಷ್ಮಿಯವರು ಖಾಸಗಿ ವಿದ್ಯಾರ್ಥಿನಿಯಾಗಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದರು. ಕಾಲೇಜು ಸೇರಬೇಕೆಂದಾಗ ಊರಿನಲ್ಲಿ ಇದ್ದುದು ಗಂಡುಮಕ್ಕಳ ಕಾಲೇಜೊಂದೇ. ಹುಡುಗಿಯೊಬ್ಬಳನ್ನು ಸೇರಿಸಿಕೊಂಡರೆ ಹುಡುಗರ ಶಿಸ್ತು ಕೆಡುವುದೆಂದು ಆಕ್ಷೇಪಣೆಗಳು ಬಂದವು; ತಾಯಿಯ ಕುಲವನ್ನು ಮುಂದಿಟ್ಟು ಆಡಿದ ಮಾತುಗಳೂ ಕಡಿಮೆಯಿರಲಿಲ್ಲ. ಮಹಾರಾಜ ಮಾರ್ತಾಂಡ ಭೈರವ ತೊಂಡೈಮಾನ್ ಅವರು ಈ ಯಾವ ಆಕ್ಷೇಪಣೆಗೂ ಮಣಿಯದೆ ಪ್ರವೇಶಕ್ಕೆ ಅಪ್ಪಣೆಯಿತ್ತರು. ಹೀಗೆ ಆಕೆ ಆ ಕಾಲೇಜಿನ ಏಕೈಕ ವಿದ್ಯಾರ್ಥಿನಿಯಾದರು.

1907ರಲ್ಲಿ ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿ 1912ರಲ್ಲಿ ಪದವಿ ಪಡೆದರು. ಈ ಕಾಲೇಜಿಗೆ ಸೇರಿದ ಮೊದಲ ಮಹಿಳೆ ಇವರೇ ಎಂದು ಕೆಲವು ಲೇಖನಗಳಲ್ಲಿ ಬರೆದಿರುವುದುಂಟು, ಅದು ಸರಿಯಲ್ಲ. 1875ರಲ್ಲಿಯೇ ಮೇರಿ ಶಾರ್ಲೀಬ್ ಮೊದಲಾದ ನಾಲ್ವರು ಮಹಿಳೆಯರಿಗೆ ಅಲ್ಲಿ ಪ್ರವೇಶ ದೊರೆತಿತ್ತು. ಪದಕಗಳೊಂದಿಗೆ ಪದವಿ ಪಡೆದ ಮುತ್ತುಲಕ್ಷ್ಮಿಯವರು ಮದರಾಸಿನ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ನೇಮಕಗೊಂಡ ಮೊದಲ ಮಹಿಳೆಯೆನಿಸಿದರು. 1914ರಲ್ಲಿ ಡಾ. ಸುಂದರ ರೆಡ್ಡಿಯವರೊಂದಿಗೆ 1872ರ ವಿವಾಹ ಕಾಯಿದೆಯ ಪ್ರಕಾರ ಅವರ ವಿವಾಹವಾಯಿತು. ತನ್ನನ್ನು ಸಮಾನಳೆಂದು ಗೌರವಿಸಬೇಕು, ತನ್ನ ಇಚ್ಛೆಗೆ ಅಡ್ಡಿಪಡಿಸಬಾರದು ಎಂಬುದು ವಧುವಿನ ಷರತ್ತಾಗಿತ್ತು. ವರನು ಒಪ್ಪಿ ಅದರಂತೆ ನಡೆದುಕೊಂಡರು.

ಪರಿಷತ್ತಿನ ಬಾಗಿಲು ತೆರೆದ ಬಗೆ

1917ರಲ್ಲಿ ಅಡಯಾರಿನಲ್ಲಿ ಮಾರ್ಗರೆಟ್ ಕಸಿನ್ಸ್, ಆನಿ ಬೆಸೆಂಟ್ ಮತ್ತು ಡೊರೊತಿ ಜಿನರಾಜದಾಸ ಅವರು ಸೇರಿ ಭಾರತೀಯ ಮಹಿಳಾ ಸಂಘವನ್ನು ಸ್ಥಾಪಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವೊಂದು ಭಾರತ ಮಂತ್ರಿ ಮಾಂಟೆಗು ಅವರನ್ನು ಮದರಾಸಿನಲ್ಲಿ ಕಂಡು, ಸುಧಾರಣೆಗಳಲ್ಲಿ ಮಹಿಳೆಯರಿಗೂ ಮತದಾನದ ಹಕ್ಕು ನೀಡಬೇಕೆಂದು ಕೇಳಿತು. 1919ರ ಕಾಯಿದೆ ಈ ಬೇಡಿಕೆಯನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ನಿರ್ಧಾರವನ್ನು ಆಯಾ ಪ್ರಾಂತದ ಪರಿಷತ್ತಿಗೇ ಬಿಟ್ಟಿತು. 1921ರಲ್ಲಿ ಮದರಾಸು ಪರಿಷತ್ತು ಎಲ್ಲ ಪ್ರಾಂತಗಳಿಗಿಂತ ಮೊದಲು ಮಹಿಳೆಯರಿಗೆ ಮತದಾನದ ಹಕ್ಕನ್ನು ಕೊಟ್ಟಿತು. ಆಸ್ತಿ ಮತ್ತು ತೆರಿಗೆಯ ಅರ್ಹತೆ ಇದ್ದವರಿಗೆ ಮಾತ್ರ ಮತವಿದ್ದುದರಿಂದ ವಾಸ್ತವವಾಗಿ ಮತದಾರರಾದ ಮಹಿಳೆಯರು ಬೆರಳೆಣಿಕೆಯಷ್ಟೇ. ಮತ ಹಾಕಬಹುದು, ಆದರೆ ಸದಸ್ಯರಾಗುವಂತಿಲ್ಲ ಎಂಬ ವಿಚಿತ್ರ ಸ್ಥಿತಿ ಮತ್ತೂ ಐದು ವರ್ಷ ಮುಂದುವರಿಯಿತು.

1926ರಲ್ಲಿ ಈ ತಡೆ ತೆರವಾದ ಕೂಡಲೇ ನಡೆದ ಚುನಾವಣೆಯಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಅವರು ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯಕ್ಕೆ ಮಣಿದು ಸ್ಪರ್ಧಿಸಿದರು. ಪ್ರಚಾರಕ್ಕೆ ದೊರೆತದ್ದು ಕೆಲವೇ ದಿನಗಳು. ಅಲ್ಪ ಮತಗಳ ಅಂತರದಿಂದ ಅವರು ಸೋತರು. ಗೆದ್ದಿದ್ದರೆ, ಚುನಾಯಿತಳಾಗಿ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಭಾರತೀಯ ಮಹಿಳೆಯೆಂಬ ಗೌರವ ಕನ್ನಡ ಕರಾವಳಿಗೆ ಸಲ್ಲುತ್ತಿತ್ತು. ಚುನಾವಣೆಯ ದಾರಿ ಮುಚ್ಚಿದಾಗ ಮಹಿಳಾ ಸಂಘ ನಾಮಕರಣದ ದಾರಿಯನ್ನು ಹಿಡಿದು, ಡಾ. ಮುತ್ತುಲಕ್ಷ್ಮಿ ರೆಡ್ಡಿಯವರ ಹೆಸರನ್ನು ಸರ್ಕಾರಕ್ಕೆ ಸೂಚಿಸಿತು.

ಅವರಾದರೋ ಈ ಗೌರವಕ್ಕೆ ಹಾತೊರೆದವರಲ್ಲ. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1925ರಲ್ಲಿ ಲಂಡನ್ನಿಗೆ ಹೋಗಿ ಸ್ತ್ರೀ ಮತ್ತು ಮಕ್ಕಳ ರೋಗಗಳ ವಿಷಯದಲ್ಲಿ ಹೆಚ್ಚಿನ ಅಧ್ಯಯನ ಮಾಡಿ ಬಂದಿದ್ದರು. 1926ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಲ್ಲಿ ಭಾರತೀಯ ಮಹಿಳೆಯರ ಪ್ರತಿನಿಧಿಯಾಗಿ ಪಾಲ್ಗೊಂಡಿದ್ದರು. ಪರಿಷತ್ತಿನ ಕೆಲಸದಿಂದ ವೈದ್ಯವೃತ್ತಿಗೆ ಧಕ್ಕೆಯಾದೀತೆಂಬ ಅಳುಕು ಅವರಿಗಿತ್ತು. ಕೊನೆಗೆ ಒಪ್ಪಿಕೊಂಡರು. ಪರಿಷತ್ತು ಸೇರಿದ ಸ್ವಲ್ಪ ಕಾಲದಲ್ಲಿಯೇ, 1927ರಲ್ಲಿ, ಸದಸ್ಯರು ಅವರನ್ನು ಸರ್ವಾನುಮತದಿಂದ ಉಪಾಧ್ಯಕ್ಷರನ್ನಾಗಿ ಆರಿಸಿದರು. ಜಗತ್ತಿನಲ್ಲಿಯೇ ಒಂದು ಶಾಸನಸಭೆಯ ಉಪಾಧ್ಯಕ್ಷ ಪೀಠಕ್ಕೆ ಆಯ್ಕೆಯಾದ ಮೊದಲ ಮಹಿಳೆ ಎಂದು ಅವರನ್ನು ಗುರುತಿಸಲಾಗಿದೆ.

ಹೆಣ್ಣುಮಕ್ಕಳ ಶಿಕ್ಷಣ, ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ, ಮಹಿಳೆಯರಿಗೂ ಮಕ್ಕಳಿಗೂ ಪ್ರತ್ಯೇಕ ಆಸ್ಪತ್ರೆ, ವಿವಾಹ ವಯಸ್ಸಿನ ಏರಿಕೆ ಇವು ಅವರು ಸಭೆಯಲ್ಲಿ ಮತ್ತೆ ಮತ್ತೆ ಎತ್ತಿದ ವಿಷಯಗಳು. ಬಾಲ್ಯವಿವಾಹದ ಕುರಿತು ಮಾತನಾಡುವಾಗ ಅವರ ವಾದದ ಆಧಾರ ಧರ್ಮಗ್ರಂಥವಾಗಿರದೆ, ಹೆರಿಗೆ ಆಸ್ಪತ್ರೆಯಲ್ಲಿ ತಾವು ಕಂಡ ಎಳೆಯ ತಾಯಂದಿರ ಸ್ಥಿತಿಯಾಗಿತ್ತು. 1928-29ರಲ್ಲಿ ಶಿಕ್ಷಣದ ಪರಿಶೀಲನೆಗಾಗಿ ನೇಮಕವಾದ ಹಾರ್ಟಾಗ್ ಸಮಿತಿಯ ಏಕೈಕ ಮಹಿಳಾ ಸದಸ್ಯರಾಗಿಯೂ ಅವರು ಕೆಲಸ ಮಾಡಿದರು. ಇದು ಸೈಮನ್ ಆಯೋಗಕ್ಕೆ ನೆರವಾಗಲು ರಚಿತವಾದ ಸಮಿತಿ. ಆಯೋಗವನ್ನು ರಾಷ್ಟ್ರೀಯ ನಾಯಕರು ಬಹಿಷ್ಕರಿಸಿದ್ದರಿಂದ ಮುತ್ತುಲಕ್ಷ್ಮಿಯವರು ಟೀಕೆಗೂ ಗುರಿಯಾದರು. ಬಾಲಕಿಯರ ಶಿಕ್ಷಣಕ್ಕೆ ಆದ್ಯತೆ ಸಿಗಬೇಕೆಂಬ ಶಿಫಾರಸು ಆ ಸಮಿತಿಯ ವರದಿಯಲ್ಲಿ ಸ್ಥಾನ ಪಡೆಯಿತು.

ಉಂಬಳಿಯ ಗಂಟು

ಅವರ ಹೆಸರನ್ನು ಇತಿಹಾಸದಲ್ಲಿ ನಿಲ್ಲಿಸಿದ ಪ್ರಶ್ನೆ ಮಾತ್ರ ದೇವದಾಸಿ ಪದ್ಧತಿಯದು. ಎಳೆಯ ಬಾಲಕಿಯನ್ನು ದೇವರ ಹೆಸರಿನಲ್ಲಿ ಅರ್ಪಿಸುವ ಈ ವಿಧಿಗೆ ತಮಿಳುನಾಡಿನಲ್ಲಿ 'ಪೊಟ್ಟು ಕಟ್ಟುವುದು' ಎಂದು ಹೆಸರು. ನಮ್ಮ ಉತ್ತರ ಜಿಲ್ಲೆಗಳಲ್ಲಿ 'ಮುತ್ತು ಕಟ್ಟುವುದು' ಎನ್ನುವರು. ಬಳ್ಳಾರಿಯ ಕಡೆ 'ಬಸವಿ ಬಿಡುವುದು' ಎಂಬ ಮಾತೂ ಇದೆ. ಒಮ್ಮೆ ಅರ್ಪಿತಳಾದವಳು ಮನುಷ್ಯನನ್ನು ವಿವಾಹವಾಗುವಂತಿಲ್ಲ. ಸಂಗೀತ, ನೃತ್ಯಗಳ ಉನ್ನತ ಪರಂಪರೆಯನ್ನು ಈ ಮನೆಗಳು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ನಿಜ. ಕಾಲಕ್ರಮದಲ್ಲಿ ಅನೇಕ ಕಡೆ ಆ ಬಾಲಕಿಯರ ಪಾಲಿಗೆ ಉಳಿದದ್ದು ಧನಿಕರ ಆಶ್ರಯ ಅಥವಾ ವೇಶ್ಯಾವಾಟಿಕೆ ಎಂಬುದೂ ಅಷ್ಟೇ ನಿಜ.

ಕಾನೂನು ಇರಲಿಲ್ಲವೇ ಎಂದು ಓದುಗರು ಕೇಳಬಹುದು. ಭಾರತೀಯ ದಂಡ ಸಂಹಿತೆಯ 372 ಮತ್ತು 373ನೇ ಕಲಮುಗಳು ಅಪ್ರಾಪ್ತ ಬಾಲಕಿಯರನ್ನು ವೇಶ್ಯಾವೃತ್ತಿಗಾಗಿ ಮಾರುವುದನ್ನೂ ಕೊಳ್ಳುವುದನ್ನೂ ಅಪರಾಧವೆಂದು ಸಾರಿದ್ದವು. ಆದರೆ ಅರ್ಪಣೆ ನಡೆಯುತ್ತಿದ್ದುದು ದೇವರ ಸನ್ನಿಧಿಯಲ್ಲಿ, ಪೂಜೆಯ ರೂಪದಲ್ಲಿ. ಅರ್ಪಿಸುವವಳು ಹೆತ್ತ ತಾಯಿ ಅಥವಾ ಸಾಕಿದ ಅಜ್ಜಿ. ಉದ್ದೇಶ ಇಂಥದೇ ಎಂದು ನ್ಯಾಯಾಲಯದಲ್ಲಿ ಸಾಬೀತುಪಡಿಸುವುದು ದುಸ್ತರ. ದೂರು ಕೊಡುವವರಂತೂ ಯಾರೂ ಇರುತ್ತಿರಲಿಲ್ಲ. ಆದ್ದರಿಂದ ಅರ್ಪಣೆಯನ್ನೇ ನೇರವಾಗಿ ನಿಷೇಧಿಸುವ ಕಾಯಿದೆ ಬೇಕೆಂದು ಮುತ್ತುಲಕ್ಷ್ಮಿಯವರು 1927ರ ನವೆಂಬರಿನಲ್ಲಿ ಪರಿಷತ್ತಿನಲ್ಲಿ ಠರಾವು ಮಂಡಿಸಿದರು. ಮೈಸೂರು ಸಂಸ್ಥಾನ 1909ರಲ್ಲಿಯೇ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿ ಆದೇಶ ಹೊರಡಿಸಿತ್ತು. ಹಿಂದೂ ಅರಸರ ಆಳ್ವಿಕೆಯಲ್ಲಿಯೇ, ಧರ್ಮಕ್ಕೆ ಚ್ಯುತಿ ಬಾರದಂತೆ ಇದು ನಡೆದಿದೆಯೆಂಬ ಈ ನಿದರ್ಶನ ಅವರ ಪಕ್ಷಕ್ಕೆ ದೊಡ್ಡ ಬಲವಾಯಿತು. ಸಭೆ ಠರಾವನ್ನು ಅಂಗೀಕರಿಸಿತು.

ಠರಾವು ಶಿಫಾರಸು ಮಾತ್ರ. ಅದರಿಂದ ಒಂದು ಬಾಲಕಿಯ ಅರ್ಪಣೆಯೂ ನಿಲ್ಲುವುದಿಲ್ಲ. ಇಲ್ಲಿ ಮುತ್ತುಲಕ್ಷ್ಮಿಯವರು ವೈದ್ಯೆಯ ದೃಷ್ಟಿಯಿಂದಲೇ ನಡೆದರೆನ್ನಬಹುದು: ರೋಗ ಎಲ್ಲಿ ಬೇರೂರಿದೆಯೆಂದು ಹುಡುಕಿದರು. ಅದು ಬೇರೂರಿದ್ದುದು ಭೂಮಿಯಲ್ಲಿ.

ದೇವಾಲಯದ ಸೇವೆಗೆ ಪ್ರತಿಫಲವಾಗಿ ಹಿಂದಿನ ಅರಸರು ದೇವದಾಸಿ ಮನೆತನಗಳಿಗೆ ಇನಾಮು ಭೂಮಿಯನ್ನು, ಎಂದರೆ ಉಂಬಳಿಯನ್ನು, ಬಿಟ್ಟುಕೊಟ್ಟಿದ್ದರು. ಸೇವೆ ನಡೆಯುವವರೆಗೆ ಭೂಮಿ ಮನೆಯಲ್ಲಿ ಉಳಿಯುತ್ತಿತ್ತು. ಸೇವೆ ನಿಂತರೆ ಕೈಬಿಡುತ್ತಿತ್ತು. ವಯಸ್ಸಾದ ದೇವದಾಸಿ ತೀರಿಕೊಂಡಾಗ ಆ ಸ್ಥಾನಕ್ಕೆ ಅರ್ಪಿತಳಾದ ಮತ್ತೊಬ್ಬ ಹೆಣ್ಣುಮಗಳು ಇರಲೇಬೇಕು. ಮಗಳಿಲ್ಲದಿದ್ದರೆ ಬೇರೆ ಬಾಲಕಿಯನ್ನು ದತ್ತು ತೆಗೆದುಕೊಂಡು ಅರ್ಪಿಸುತ್ತಿದ್ದರು. ಮಗಳಿಗೆ ಮದುವೆ ಮಾಡಬೇಕೆಂದು ತಾಯಿ ಬಯಸಿದರೂ, ಹಾಗೆ ಮಾಡಿದರೆ ಮನೆಮಂದಿಯ ಅನ್ನಕ್ಕೇ ಸಂಚಕಾರ. ಹೀಗೆ ನಾಲ್ಕು ಎಕರೆ ಗದ್ದೆ ಒಂದು ಮಗುವಿನ ಭವಿಷ್ಯವನ್ನು ಅದು ಹುಟ್ಟುವ ಮೊದಲೇ ನಿರ್ಣಯಿಸುತ್ತಿತ್ತು. ಇಂಥ ಕಡೆ ಬರಿಯ ನಿಷೇಧ ವಿಧಿಸಿದರೆ ದಂಡನೆಗೆ ಒಳಗಾಗುವವಳು ಬಡ ತಾಯಿ. ಲಾಭ ಪಡೆಯುವವರು ಭೂಮಿಯನ್ನು ಹಿಂದಕ್ಕೆ ಪಡೆಯುವ ಧರ್ಮದರ್ಶಿಗಳು.

1928ರಲ್ಲಿ ಅವರು ಮಂಡಿಸಿದ ವಿಧೇಯಕ ಈ ಗಂಟನ್ನೇ ಬಿಚ್ಚಿತು. ಹಿಂದೂ ಧಾರ್ಮಿಕ ದತ್ತಿಗಳ ಕಾಯಿದೆಗೆ ತಂದ ಆ ತಿದ್ದುಪಡಿಯ ಸಾರಾಂಶ ಸರಳ: ದೇವದಾಸಿಯ ವಶದಲ್ಲಿರುವ ಉಂಬಳಿಯನ್ನು ಸೇವೆಯ ಷರತ್ತಿನಿಂದ ಬಿಡುಗಡೆ ಮಾಡಬೇಕು, ಭೂಮಿ ಆಕೆಗೇ ಉಳಿಯಬೇಕು, ಸೇವೆಗೆ ಬದಲಾಗಿ ನಿಗದಿಯಾದ ಹಣವನ್ನು ಸಲ್ಲಿಸಿದರೆ ಸಾಕು. ದೇವಾಲಯಕ್ಕೂ ನಷ್ಟವಿಲ್ಲ, ಮನೆಗೂ ನಷ್ಟವಿಲ್ಲ, ಬಾಲಕಿಯನ್ನು ಅರ್ಪಿಸುವ ಅಗತ್ಯವೂ ಇಲ್ಲ. 1929ರಲ್ಲಿ ಇದು ಕಾಯಿದೆಯಾಯಿತು. ಅರ್ಪಣೆಯನ್ನು ಅದು ನಿಷೇಧಿಸಲಿಲ್ಲ, ನಿಜ. ಅರ್ಪಿಸದೆ ಇರಲು ಸಾಧ್ಯವಾಗುವಂತೆ ಮಾಡಿತು. ಅವರ ಎಲ್ಲ ಶಾಸನಕಾರ್ಯದಲ್ಲಿ ಅತ್ಯಂತ ವಿವೇಕಯುತವಾದುದು ಇದೇ ಎಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ವಿರೋಧದ ಧ್ವನಿಗಳು

ವಿರೋಧ ಎರಡು ಕಡೆಯಿಂದ ಬಂದಿತು. ಸಂಪ್ರದಾಯವಾದಿಗಳದು ನಿರೀಕ್ಷಿತವೇ ಆಗಿತ್ತು. ಧಾರ್ಮಿಕ ಆಚಾರಗಳಲ್ಲಿ ವಿದೇಶೀ ಸರ್ಕಾರದ ಶಾಸನಸಭೆ ಕೈಹಾಕುವುದನ್ನು ಕಾಂಗ್ರೆಸ್ಸಿನ ಪ್ರಖರ ವಾಗ್ಮಿ ಎಸ್. ಸತ್ಯಮೂರ್ತಿ ಅವರಂಥವರೂ ಒಪ್ಪಲಿಲ್ಲ. ಈ ಪದ್ಧತಿಯೊಂದಿಗೆ ದೇಶದ ನೃತ್ಯಕಲೆಯೂ ಅಳಿದುಹೋದೀತೆಂಬ ಆತಂಕವನ್ನೂ ಕೆಲವರು ಪ್ರಕಟಿಸಿದರು.

ಎರಡನೆಯ ವಿರೋಧ ಬಂದದ್ದು ದೇವದಾಸಿಯರಿಂದಲೇ. ಇದನ್ನು ಮರೆಮಾಚಿ ಬರೆಯುವುದು ಸರಿಯಲ್ಲ. ಅವರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ಮನವಿಗಳನ್ನು ಸಲ್ಲಿಸಿದರು. ಅವರ ಮುಂದಾಳುಗಳಲ್ಲಿ ಒಬ್ಬರು ಬೆಂಗಳೂರು ನಾಗರತ್ನಮ್ಮನವರು. ನಂಜನಗೂಡಿನಲ್ಲಿ ಹುಟ್ಟಿ, ಮೈಸೂರು ಬೆಂಗಳೂರುಗಳಲ್ಲಿ ವಿದ್ಯೆ ಕಲಿತು, ಮದರಾಸಿನಲ್ಲಿ ಗಾಯಕಿಯಾಗಿ ಮನ್ನಣೆ ಗಳಿಸಿದ ಈ ಮಹಿಳೆ ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರವನ್ನು ತಮ್ಮ ಗಳಿಕೆಯಿಂದ ಕಟ್ಟಿಸಿದವರು. ತಮ್ಮ ಕುಲವನ್ನೆಲ್ಲ ವೇಶ್ಯೆಯರೆಂದು ಕರೆಯುವುದು ಅಪಮಾನ. ಪತಿತರಾದ ಕೆಲವರನ್ನು ನೋಡಿ ಕಲೆಯನ್ನೂ ಭಕ್ತಿಯನ್ನೂ ನಂಬಿ ಬಾಳುವವರ ಹಕ್ಕುಗಳನ್ನು ಕಸಿಯಬಾರದು. ನಮಗೆ ಬೇಕಾದುದು ವಿದ್ಯೆ ಎಂಬುದು ಅವರ ಪಕ್ಷದ ವಾದವಾಗಿತ್ತು. ಇದರ ಹಿಂದೆ ಮತ್ತೊಂದು ಭಯವೂ ಇತ್ತು. ಆಗಿನ ಹಿಂದೂ ಕಾನೂನಿನಲ್ಲಿ ಸಾಮಾನ್ಯ ಗೃಹಿಣಿಗಿಲ್ಲದ ಕೆಲವು ಹಕ್ಕುಗಳು ದೇವದಾಸಿಗಿದ್ದವು: ತಾಯಿಯಿಂದ ಮಗಳಿಗೆ ಆಸ್ತಿ ಇಳಿಯುತ್ತಿತ್ತು, ಮಗಳನ್ನು ದತ್ತು ತೆಗೆದುಕೊಳ್ಳಬಹುದಿತ್ತು.

ನಾಗರತ್ನಮ್ಮನವರ ಮಾತಿನಲ್ಲಿ ಸತ್ಯಾಂಶವಿತ್ತೆಂದು ಇಂದು ಹಿಂದಿರುಗಿ ನೋಡುವವರಿಗೆ ಅನಿಸುತ್ತದೆ. ಮುಂದಿನ ದಶಕಗಳಲ್ಲಿ ಆ ನೃತ್ಯ ಹೊಸ ಹೆಸರಿನಿಂದ ಹೊಸ ವೇದಿಕೆಗಳಿಗೆ ಏರಿತು. ಅದನ್ನು ಕಾಪಾಡಿಕೊಂಡು ಬಂದ ಮನೆತನಗಳಲ್ಲಿ ಹಲವು ಹಿಂದೆಯೇ ಉಳಿದವು. ಆದರೆ ಮುತ್ತುಲಕ್ಷ್ಮಿಯವರ ಕಣ್ಣಿನ ಮುಂದಿದ್ದುದು ಪ್ರಸಿದ್ಧ ಗಾಯಕಿಯಲ್ಲ, ಇನ್ನೂ ತನ್ನ ಮಾತು ಹೇಳಲರಿಯದ ಎಂಟು ಹತ್ತು ವರ್ಷದ ಬಾಲಕಿ. ಆಕೆಯ ಪರವಾಗಿ ಮನವಿ ಸಲ್ಲಿಸುವ ಸಂಘ ಯಾವುದೂ ಇರಲಿಲ್ಲ. ಅದೇ ಸಮುದಾಯದಿಂದ ಬಂದ ಮೂವಲೂರು ರಾಮಾಮೃತಂ ಅಮ್ಮಯ್ಯಾರ್ ಅವರು ಊರೂರು ಸುತ್ತಿ ಅರ್ಪಣೆಯ ವಿರುದ್ಧ ಪ್ರಚಾರ ಮಾಡಿದ್ದನ್ನೂ ಇಲ್ಲಿ ನೆನೆಯಬೇಕು.

ರಾಜೀನಾಮೆ ಮತ್ತು ಅವ್ವೈ ಗೃಹ

ಅರ್ಪಣೆಯನ್ನು ಪೂರ್ಣವಾಗಿ ನಿಷೇಧಿಸುವ ಮತ್ತೊಂದು ವಿಧೇಯಕವನ್ನು ಅವರು 1930ರಲ್ಲಿ ಮಂಡಿಸಿದರು. ಅದು ಜನಾಭಿಪ್ರಾಯ ಸಂಗ್ರಹಣೆಗಾಗಿ ಹೋಯಿತು. ಅಷ್ಟರಲ್ಲಿ ಉಪ್ಪಿನ ಸತ್ಯಾಗ್ರಹ ಆರಂಭವಾಗಿ, ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾಯಿತು. ಅದನ್ನು ಪ್ರತಿಭಟಿಸಿ ಮುತ್ತುಲಕ್ಷ್ಮಿಯವರು ಪರಿಷತ್ತಿನ ಸದಸ್ಯತ್ವಕ್ಕೆ ರಾಜೀನಾಮೆಯಿತ್ತರು. ತಾವು ಅತ್ಯಂತ ಪ್ರೀತಿಯಿಂದ ರೂಪಿಸಿದ ವಿಧೇಯಕ ಅರ್ಧದಲ್ಲಿ ಉಳಿಯುವುದೆಂದು ತಿಳಿದೂ ಹಾಗೆ ಮಾಡಿದರು. ಪರಿಷತ್ತಿನ ಈ ಮೂರು ವರ್ಷಗಳ ಅನುಭವವನ್ನು ಅವರು ಅದೇ ವರ್ಷ ಪುಸ್ತಕವಾಗಿ ಬರೆದು ಪ್ರಕಟಿಸಿದರು.

ಈ ನಡುವೆ ಬೇರೊಂದು ಸಮಸ್ಯೆ ಅವರ ಮನೆಯ ಬಾಗಿಲಿಗೇ ಬಂದು ನಿಂತಿತು. ಅರ್ಪಣೆಗೆ ಒಪ್ಪದೆ ಮನೆ ಬಿಟ್ಟು ಬಂದ ಕೆಲವು ಎಳೆಯ ಹುಡುಗಿಯರು ಆಶ್ರಯ ಕೇಳಿ ಬಂದರು. ಪಟ್ಟಣದಲ್ಲಿದ್ದ ವಿದ್ಯಾರ್ಥಿನಿ ನಿಲಯಗಳಲ್ಲಿ ಅವರನ್ನು ಇರಿಸಲು ಯತ್ನಿಸಿದಾಗ, ದೇವದಾಸಿಯರ ಮಕ್ಕಳೆಂಬ ಕಾರಣದಿಂದ ಸೇರಿಸಿಕೊಳ್ಳಲಿಲ್ಲ. ಪದ್ಧತಿಯನ್ನು ಬಿಟ್ಟು ಬನ್ನಿರೆಂದು ಸಭೆಯಲ್ಲಿ ಕರೆದವರೇ, ಬಂದವರಿಗೆ ಮಲಗಲು ಜಾಗವಿಲ್ಲವೆನ್ನುವುದು ಹೇಗೆ? ಮುತ್ತುಲಕ್ಷ್ಮಿಯವರು ಆ ಮಕ್ಕಳನ್ನು ತಾವೇ ಇರಿಸಿಕೊಂಡರು. ಹೀಗೆ 1930ರಲ್ಲಿ ಆರಂಭವಾದುದು ಅವ್ವೈ ಗೃಹ. ತಮಿಳರ ಪ್ರಾಚೀನ ಕವಯಿತ್ರಿ ಅವ್ವೈಯಾರ್ ಅವರ ಹೆಸರನ್ನು ಅದಕ್ಕೆ ಇಟ್ಟರು. ನಮ್ಮ 'ಅವ್ವ'ನಿಗೆ ಈ ಶಬ್ದ ಹತ್ತಿರದ ನೆಂಟ. ಮನೆಗೆ ಇದಕ್ಕಿಂತ ಒಪ್ಪುವ ಹೆಸರು ಸಿಗುತ್ತಿರಲಿಲ್ಲ. ಜಾತಿಯನ್ನಾಗಲಿ ಹುಟ್ಟನ್ನಾಗಲಿ ಕೇಳದೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡು ಓದಿಸುವುದು ಅಲ್ಲಿನ ನಿಯಮವಾಯಿತು. ಮುಂದೆ ಅಡಯಾರಿನಲ್ಲಿ ಅದಕ್ಕೆ ಸ್ವಂತ ನೆಲೆ ದೊರೆಯಿತು. ಶಾಲೆಗಳೂ ಶಿಕ್ಷಕಿಯರ ತರಬೇತಿಯೂ ಅದರೊಂದಿಗೆ ಬೆಳೆದವು.

ಆ ಬಳಿಕ ಅವರು ಮಹಿಳಾ ಸಂಘದ 'ಸ್ತ್ರೀ ಧರ್ಮ' ಪತ್ರಿಕೆಯ ಸಂಪಾದಕರಾದರು, 1933ರಲ್ಲಿ ಷಿಕಾಗೋ ನಗರದ ಮಹಿಳಾ ಸಮ್ಮೇಳನಕ್ಕೆ ಹೋಗಿಬಂದರು, 1937ರಲ್ಲಿ ಮದರಾಸು ನಗರಪಾಲಿಕೆಯ ಆಲ್ಡರ್‌ಮನ್ ಸ್ಥಾನವನ್ನು ಪಡೆದರು. ಅರ್ಪಣೆಯ ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ.

ಕಾಯಿದೆ ಬಂದ ಮೇಲೆ

ದೇಶ ಸ್ವತಂತ್ರವಾದ ವರ್ಷವೇ, 1947ರ ಕೊನೆಯಲ್ಲಿ, ಮದರಾಸು ದೇವದಾಸಿ ಅರ್ಪಣೆ ನಿಷೇಧ ಕಾಯಿದೆ ಅಂಗೀಕಾರವಾಯಿತು. ಅರ್ಪಣೆ ಅಪರಾಧವೆಂದೂ, ಹಿಂದೆ ಅರ್ಪಿತಳಾದವಳ ವಿವಾಹ ಸಿಂಧುವೆಂದೂ ಅದು ಸಾರಿತು. ಮುತ್ತುಲಕ್ಷ್ಮಿಯವರಿಗೆ ಆಗ 61 ವರ್ಷ.

ಕನ್ನಡನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಒಂದೇ ಪದ್ಧತಿಗೆ ಒಂದೊಂದು ಕಡೆ ಒಂದೊಂದು ಕಾನೂನು ಇತ್ತು. ಮಂಗಳೂರಿಗೂ ಬಳ್ಳಾರಿಗೂ ಅನ್ವಯಿಸಿದ್ದು ಮದರಾಸಿನ ಈ 1947ರ ಕಾಯಿದೆ. ಬೆಳಗಾವಿ, ಧಾರವಾಡ, ವಿಜಾಪುರಗಳಿಗೆ ಮುಂಬಯಿ ಪ್ರಾಂತದ 1934ರ ದೇವದಾಸಿ ಸಂರಕ್ಷಣಾ ಕಾಯಿದೆ. ಹಳೆಯ ಮೈಸೂರಿನಲ್ಲಿ 1909ರ ಆದೇಶ. ಇಡೀ ರಾಜ್ಯಕ್ಕೆ ಅನ್ವಯಿಸುವ ಒಂದು ಕಾಯಿದೆಯನ್ನು ಕರ್ನಾಟಕ 1982ರಲ್ಲಿ ಮಾಡಿತು. ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲಿನಿಂದಲೂ ಕಾನೂನಿದ್ದ ಸವದತ್ತಿಯ ಸುತ್ತಲಿನ ಸೀಮೆಯಲ್ಲಿ ಅರ್ಪಣೆ ನಿಲ್ಲದೆ ನಡೆದದ್ದೇಕೆ ಎಂಬ ಪ್ರಶ್ನೆಗೆ, 1929ರ ತಿದ್ದುಪಡಿಯನ್ನೂ ಅವ್ವೈ ಗೃಹವನ್ನೂ ಬಲ್ಲವರು ಉತ್ತರವನ್ನು ತಾವೇ ಊಹಿಸಬಲ್ಲರು. ಆ ಸೀಮೆಯಲ್ಲಿ ಅರ್ಪಿತರಾದವರು ಬಹುಪಾಲು ದಲಿತ ಕುಟುಂಬಗಳ ಬಾಲಕಿಯರು. ಅವರಿಗೆ ಬಿಡಿಸಿಕೊಳ್ಳಲು ಉಂಬಳಿಯೂ ಇರಲಿಲ್ಲ, ಬಿಟ್ಟು ಬಂದರೆ ಸೇರಿಸಿಕೊಳ್ಳುವ ಮನೆಯೂ ಇರಲಿಲ್ಲ.

ಕೊನೆಯ ದೊಡ್ಡ ಕೆಲಸ

ಮುತ್ತುಲಕ್ಷ್ಮಿಯವರ ತಂಗಿ ಎಳೆಯ ವಯಸ್ಸಿನಲ್ಲಿ ಗುದನಾಳದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಮೊದಲಿಗೆ ವೈದ್ಯರು ಅದನ್ನು ಆಮಶಂಕೆಯೆಂದು ತಪ್ಪಾಗಿ ಭಾವಿಸಿದ್ದರು. ರೋಗ ಗೊತ್ತಾದಾಗ ಮಾಡಬಹುದಾದುದೇನೂ ಉಳಿದಿರಲಿಲ್ಲ. ಸ್ವತಃ ವೈದ್ಯೆಯಾದ ಅಕ್ಕನ ಮನೆಯಲ್ಲಿಯೇ ಆ ಸಾವು ಸಂಭವಿಸಿತು. ಅಂದಿನಿಂದ ಮದರಾಸಿನಲ್ಲಿ ಕ್ಯಾನ್ಸರಿಗಾಗಿಯೇ ಒಂದು ಆಸ್ಪತ್ರೆ ಬೇಕೆಂಬುದು ಅವರ ಹಂಬಲವಾಯಿತು. 1935ರಲ್ಲಿ ವೈದ್ಯಕೀಯ ಕಾಲೇಜಿನ ಶತಮಾನೋತ್ಸವ ಸಮಾರಂಭದಲ್ಲಿ ಈ ಉದ್ದೇಶವನ್ನು ಬಹಿರಂಗವಾಗಿ ಹೇಳಿದರು. ಸರ್ಕಾರದಿಂದ ಉತ್ತೇಜನ ಸಿಗಲಿಲ್ಲ. ಗುಣವಾಗದ ರೋಗಕ್ಕೆ ಆಸ್ಪತ್ರೆ ಏಕೆಂಬುದು ಆಗಿನ ಸಾಮಾನ್ಯ ಮನೋಭಾವ. ಅವರು ಮಹಿಳಾ ಸಂಘದ ಹೆಸರಿನಲ್ಲಿ ಕ್ಯಾನ್ಸರ್ ಪರಿಹಾರ ನಿಧಿಯನ್ನು ತೆರೆದು ಮನೆಮನೆಯಿಂದ ಹಣ ಕೂಡಿಸಿದರು.

1952ರ ಅಕ್ಟೋಬರಿನಲ್ಲಿ ಪ್ರಧಾನಿ ಜವಾಹರಲಾಲ್ ನೆಹರು ಅವರು ಅಡಯಾರಿನಲ್ಲಿ ಆಸ್ಪತ್ರೆಗೆ ಅಡಿಗಲ್ಲನ್ನಿಟ್ಟರು. 1954ರ ಜೂನ್ 18ರಂದು ಅದು ರೋಗಿಗಳಿಗೆ ತೆರೆಯಿತು. ಆಗ ಅಲ್ಲಿ ಇದ್ದುದು 12 ಹಾಸಿಗೆಗಳು. ಅವರ ಮಗ ಡಾ. ಕೃಷ್ಣಮೂರ್ತಿಯವರು ಅದರ ಹೊಣೆ ಹೊತ್ತರು. ಮರುವರ್ಷ ಸೇರಿದ ಡಾ. ವಿ. ಶಾಂತಾ ಅವರು 2021ರಲ್ಲಿ ನಿಧನರಾಗುವವರೆಗೂ ಅದೇ ಸಂಸ್ಥೆಗೆ ದುಡಿದರು. ಬಡ ರೋಗಿಗಳಿಗೆ ಉಚಿತವಾಗಿ ಅಥವಾ ಅಲ್ಪ ವೆಚ್ಚದಲ್ಲಿ ಚಿಕಿತ್ಸೆ ನೀಡುವ ಈ ಸಂಸ್ಥೆಯನ್ನು ಕರ್ನಾಟಕ, ಆಂಧ್ರ ಮತ್ತು ಕೇರಳಗಳಿಂದಲೂ ಜನ ಹುಡುಕಿಕೊಂಡು ಬರುತ್ತಾರೆ.

ಭಾರತ ಸರ್ಕಾರ 1956ರಲ್ಲಿ ಮುತ್ತುಲಕ್ಷ್ಮಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. 1968ರ ಜುಲೈ 22ರಂದು, 82ನೆಯ ಹುಟ್ಟುಹಬ್ಬಕ್ಕೆ ಎಂಟು ದಿನ ಉಳಿದಿರುವಾಗ, ಅವರು ಮದರಾಸಿನಲ್ಲಿ ನಿಧನರಾದರು. ತಮಿಳುನಾಡಿನಲ್ಲಿ ಬಡ ಗರ್ಭಿಣಿಯರಿಗೆ ನೀಡುವ ಸರ್ಕಾರದ ಹೆರಿಗೆ ಸಹಾಯಧನ ಯೋಜನೆಗೆ ಅವರ ಹೆಸರನ್ನು ಇಡಲಾಗಿದೆ. ಅವರು ಹುಟ್ಟಿದ ದಿನವಾದ ಜುಲೈ 30ನ್ನು ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ಆಸ್ಪತ್ರೆ ದಿನವೆಂದು ಆಚರಿಸುತ್ತವೆ.